ಕರಗಿದ ಅಲ್ಯೂಮಿನಿಯಂ ಸೋಸುವುದು ಹೇಗೆ: ಮಲೆನಾಡಿನ ಸಣ್ಣ ಎರಕದ ಶೆಡ್‌ಗಳಿಗಾಗಿ

ಎರಕ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಲೇತಿಗೆ ಹಾಕಿ ಎರಡು ಕಟ್ ತೆಗೆದ ಮೇಲೆ ತಾನೇ ಒಳಗಿನದ್ದು ಗೊತ್ತಾಗುವುದು? ಒಂದು ಕಡೆ ಕಪ್ಪು ಚುಕ್ಕಿ, ಇನ್ನೊಂದು ಕಡೆ ಕೂದಲೆಳೆ ದಪ್ಪದ ಗೆರೆ, ಮತ್ತೆಲ್ಲೋ ಗಟ್ಟಿ ಕಣ ತಾಗಿ ಟೂಲಿನ ಮೂತಿಯೇ ಹಾರಿಹೋಗುತ್ತದೆ. ಪಂಪಿನ ಬಾಡಿಯಾದರೆ ನೀರಿನ ಒತ್ತಡ ಕೊಟ್ಟಾಗ ಗೋಡೆಯಿಂದಲೇ ಜಿನುಗುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಣ್ಣ ಶೆಡ್‌ಗಳಿಗೆ ಬರುವ ಕೆಲಸ ಏನು? ಅಡಿಕೆ ಸುಲಿಯುವ ಯಂತ್ರದ ಪುಲ್ಲಿ, ಬೇರಿಂಗ್ ಹೌಸಿಂಗ್, ಪಂಪಿನ ಭಾಗ, ಇಂಥದ್ದೇ. ಅಡಿಕೆ ಕೊಯ್ಲಿಗೆ ಮುಂಚೆ ಯಂತ್ರ ರೆಡಿ ಆಗಬೇಕು, ಹಾಗಾಗಿ ಸರಿಯಾಗಿ ಮಳೆಗಾಲದಲ್ಲೇ ಎರಕ ಹೊಯ್ಯಬೇಕಾಗುತ್ತದೆ. ಅಲ್ಯೂಮಿನಿಯಂ ಸುಲಭವಾಗಿ ಕೆಡುವುದೂ ಅದೇ ಕಾಲದಲ್ಲಿ.

ಇದಕ್ಕೆ ಮದ್ದು ಸೆರಾಮಿಕ್ ಫಿಲ್ಟರ್ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಹಾಕಲೇಬೇಕು. ಆದರೆ ಅಚ್ಚಿನೊಳಗೆ ಸುಮ್ನೆ ಒಂದು ಫಿಲ್ಟರ್ ತುರುಕಿದರೆ ದುಡ್ಡು ದಂಡ. ಫಿಲ್ಟರಿಗೆ ಬರುವ ಮೊದಲು ಲೋಹ ಎಷ್ಟು ಚೊಕ್ಕ ಇತ್ತು, ಫಿಲ್ಟರ್ ದಾಟಿದ ಮೇಲೆ ಎಷ್ಟು ನಿಧಾನವಾಗಿ ಹರಿಯಿತು, ಇವೆರಡನ್ನೂ ನೋಡಿಕೊಂಡರೆ ಮಾತ್ರ ನಡುವಿನ ಫಿಲ್ಟರ್ ಕೆಲಸಕ್ಕೆ ಬರುತ್ತದೆ.

ಯಾವುದು ಸೋಸುತ್ತದೆ, ಯಾವುದು ಸೋಸುವುದಿಲ್ಲ

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. ಹಾಗಾಗಿ ಕಿಟ್ಟ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕರಗಿದ ಕಬ್ಬಿಣ ನೀರಿಗಿಂತ ಸುಮಾರು 7 ಪಟ್ಟು ಭಾರ, ಕಿಟ್ಟ ಅದರ ಅರ್ಧದಷ್ಟೂ ಇಲ್ಲ. ತಾನಾಗೇ ಮೇಲೆ ಬರುತ್ತದೆ, ಬಳಿದು ತೆಗೆದರಾಯಿತು. ಅಲ್ಯೂಮಿನಿಯಂನಲ್ಲಿ ಈ ಅನುಕೂಲ ಇಲ್ಲ. ಕರಗಿದ ಅಲ್ಯೂಮಿನಿಯಂ ನೀರಿಗಿಂತ ಸುಮಾರು 2.4 ಪಟ್ಟು ಭಾರ, ಅದರ ಆಕ್ಸೈಡ್ ಹತ್ತಿರ ಹತ್ತಿರ 4 ಪಟ್ಟು. ಲೆಕ್ಕದಲ್ಲಿ ಅದು ಮುಳುಗಬೇಕು. ಆದರೆ ಆಕ್ಸೈಡ್ ಇರುವುದು ಗುಂಡುಗುಂಡಾಗಿ ಅಲ್ಲ, ತೆಳ್ಳನೆಯ ಪೊರೆಯಾಗಿ. ಲೋಹ ಕಲಕಿದಾಗ, ಎತ್ತರದಿಂದ ಬಿದ್ದಾಗ ಆ ಪೊರೆ ಮಡಚಿಕೊಂಡು ಮಡಿಕೆಯ ನಡುವೆ ಗಾಳಿ ಹಿಡಿದುಕೊಳ್ಳುತ್ತದೆ. ಆಮೇಲೆ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ, ಲೋಹದ ಜೊತೆಗೇ ಸುತ್ತುತ್ತಿರುತ್ತದೆ. ಅಚ್ಚಿನಲ್ಲಿ ಗಟ್ಟಿಯಾದ ಮೇಲೆ ಅದೇ ಮಡಿಕೆ ಒಂದು ಸಿದ್ಧ ಬಿರುಕು. ಲೇತಿನಲ್ಲಿ ಕಂಡ ಕೂದಲೆಳೆ ಗೆರೆ ಬಹಳ ಸಲ ಇದೇ.

ಈ ಪೊರೆ, ಲೋಹ ಕರಗಿಸುವ ಪಾತ್ರೆಯಾದ ಕ್ರೂಸಿಬಲ್ಲಿನಿಂದ ಉದುರಿದ ಚೂರು, ಮರಳು, ಮೆಗ್ನೀಸಿಯಂ ಇರುವ ಮಿಶ್ರಲೋಹದಲ್ಲಿ ಹುಟ್ಟುವ ಸ್ಪಿನೆಲ್ ಎಂಬ ಗಟ್ಟಿ ಕಣ, ಇವೆಲ್ಲ ಫಿಲ್ಟರಿಗೆ ಸಿಗುತ್ತವೆ. ಕರಗಿ ಬೆರೆತುಹೋದದ್ದು ಸಿಗುವುದಿಲ್ಲ. ಗುಜರಿಯಲ್ಲಿ ಬಂದ ಪಿಸ್ಟನ್ನಿಗೆ ಸ್ಟೀಲ್ ಪಿನ್ ಹಾಗೇ ಇತ್ತು, ಪಂಪಿನ ಬಾಡಿಯಲ್ಲಿ ಬೋಲ್ಟ್ ಉಳಿದಿತ್ತು ಅಂದುಕೊಳ್ಳಿ. ಆ ಕಬ್ಬಿಣ ನಿಧಾನವಾಗಿ ಅಲ್ಯೂಮಿನಿಯಂನಲ್ಲಿ ಕರಗುತ್ತದೆ, ಎರಕ ಪೆಡಸಾಗುತ್ತದೆ, ಯಾವ ಫಿಲ್ಟರೂ ಅದನ್ನು ತಡೆಯುವುದಿಲ್ಲ. ಒಳ್ಳೆ ಇಂಗಟ್ (ಚೊಕ್ಕ ಲೋಹದ ಗಟ್ಟಿ) ಬೆರೆಸಿ ಪ್ರಮಾಣ ತಗ್ಗಿಸುವುದೊಂದೇ ದಾರಿ. ಅದಕ್ಕೇ ಗುಜರಿ ಆರಿಸುವಾಗ ಕೈಯಲ್ಲಿ ಒಂದು ಅಯಸ್ಕಾಂತ ಇರಲಿ. ಹಳೆ ಕಾರ್ಬ್ಯುರೇಟರ್ ಕಂಡರೆ ಪಕ್ಕಕ್ಕಿಡಿ, ಅದರಲ್ಲಿ ಸತುವಿನದ್ದೇ ಜಾಸ್ತಿ.

ಹೈಡ್ರೋಜನ್ ಕೂಡ ಸೋಸಲು ಆಗದ ವಸ್ತು. ಕಾದ ಅಲ್ಯೂಮಿನಿಯಂ ನೀರಿನ ಆವಿಯನ್ನು ಸುಮ್ಮನೆ ಬಿಡುವುದಿಲ್ಲ. ಆಕ್ಸಿಜನ್ನನ್ನು ಕಿತ್ತುಕೊಂಡು ಪೊರೆ ಕಟ್ಟಿಕೊಳ್ಳುತ್ತದೆ, ಉಳಿದ ಹೈಡ್ರೋಜನ್ನನ್ನು ಒಳಗೆ ಎಳೆದುಕೊಳ್ಳುತ್ತದೆ. ಗಟ್ಟಿಯಾಗುವಾಗ ಆ ಅನಿಲ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಹೆಚ್ಚಾದದ್ದು ಗುಳ್ಳೆಯಾಗಿ ಉಳಿಯುತ್ತದೆ. ಒಂದು ಸಮಾಧಾನದ ವಿಷಯ ಇದೆ. ಗುಳ್ಳೆ ಹುಟ್ಟಲು ಒಂದು ಆಸರೆ ಬೇಕು, ಆ ಮಡಚಿದ ಪೊರೆಯೇ ಅದಕ್ಕೆ ಒಳ್ಳೆ ಆಸರೆ. ಪೊರೆ ತೆಗೆದರೆ ಅಷ್ಟೇ ಅನಿಲ ಇದ್ದರೂ ಗುಳ್ಳೆ ಕಡಿಮೆ ಕಾಣುತ್ತದೆ. ಹಾಗಂತ ಡೀಗ್ಯಾಸಿಂಗ್, ಅಂದರೆ ಲೋಹದೊಳಗಿನ ಅನಿಲ ತೆಗೆಯುವುದು, ಬಿಡಬಹುದು ಅಂತ ಅರ್ಥ ಅಲ್ಲ.

ಮೊದಲು ಒಣಗಿಸಿ

ಆಗುಂಬೆ, ಹೊಸನಗರ ಕಡೆ ಮಳೆ ಹಿಡಿದರೆ ಶೆಡ್ಡಿನ ಗೋಡೆಯೇ ವಾರಗಟ್ಟಲೆ ಒಣಗುವುದಿಲ್ಲ. ಅಂಥ ಗಾಳಿಯಲ್ಲಿ ಇಟ್ಟ ಗುಜರಿ, ಫ್ಲಕ್ಸ್ (ಕಸ ಬಿಡಿಸುವ ಉಪ್ಪಿನ ಪುಡಿ), ಲೋಹ ಹೊಯ್ಯುವ ಲ್ಯಾಡಲ್, ಕಲಕುವ ಸರಳು, ಫಿಲ್ಟರ್ ಎಲ್ಲದರಲ್ಲೂ ತೇವ ಇರುತ್ತದೆ, ಕಣ್ಣಿಗೆ ಕಾಣದಿದ್ದರೂ ಇರುತ್ತದೆ. ಗುಜರಿಯನ್ನು ಕುಲುಮೆಯ ಬಾಯಿಯ ಹತ್ತಿರ ಇಟ್ಟು ಬಿಸಿ ಮಾಡಿಯೇ ಒಳಗೆ ಬಿಡಿ. ಒಳಗೆ ಟೊಳ್ಳಿರುವ, ಮುಚ್ಚಿದ ಭಾಗ ಇದ್ದರೆ ಮೊದಲೇ ಒಡೆದು ನೋಡಿ. ಅದರೊಳಗೆ ನೀರೋ ಎಣ್ಣೆಯೋ ಇದ್ದು ಕರಗಿದ ಲೋಹದ ಕೆಳಗೆ ಹೋದರೆ ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮೈಮೇಲೆ ಎರಚುತ್ತದೆ. ಇದು ಎರಕ ಕೆಡುವ ವಿಷಯ ಅಲ್ಲ, ಜೀವದ ವಿಷಯ. ಲೋಹ ಸಾಗಿಸುವ ದಾರಿಯ ಮೇಲೆ ಶೀಟು ಸೋರುತ್ತಿದ್ದರೆ ಅವತ್ತು ಎರಕ ಹೊಯ್ಯಬೇಡಿ. ಹೊಯ್ಯುವ ಜಾಗದಲ್ಲಿ ಬರೀ ಕಾಂಕ್ರೀಟ್ ನೆಲ ಬೇಡ, ಒಣ ಮರಳು ಹಾಸಿ. ಯಾಕೆಂದರೆ ಕಾಂಕ್ರೀಟಿನೊಳಗಿನ ತೇವವೂ ಸಿಡಿಯುತ್ತದೆ. ಮುಖಕ್ಕೆ ಶೀಲ್ಡ್, ಕೈಗೆ ಚರ್ಮದ ಗ್ಲೌಸ್, ಕಾಲಿಗೆ ಲೇಸ್ ಇಲ್ಲದ ಚರ್ಮದ ಬೂಟು ಇರಲೇಬೇಕು. ಹವಾಯಿ ಚಪ್ಪಲಿಯಲ್ಲಿ ನಿಂತು ಲ್ಯಾಡಲ್ ಹಿಡಿಯುವವರನ್ನು ದಯವಿಟ್ಟು ಆಚೆ ಕಳಿಸಿ.

ಕುಲುಮೆಯಲ್ಲೇ ಅರ್ಧ ಕೆಲಸ

ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಸಿಲಿಕಾನ್ ಬೆರೆತ ಎರಕದ ಮಿಶ್ರಲೋಹಗಳು ಅದಕ್ಕಿಂತ ಕಡಿಮೆಯಲ್ಲೇ. ಕುಲುಮೆಯಲ್ಲಿ 750 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಿ. ಬಿಸಿ ಹೆಚ್ಚಿದಷ್ಟೂ ಹೈಡ್ರೋಜನ್ ಹೀರುವುದು ಜಾಸ್ತಿ, ಪೊರೆ ಕಟ್ಟುವುದೂ ಜಾಸ್ತಿ. ಬಣ್ಣ ನೋಡಿ ಅಂದಾಜು ಮಾಡುವುದು ಕಬ್ಬಿಣಕ್ಕೆ ಸರಿ, ಅಲ್ಯೂಮಿನಿಯಂಗೆ ನಡೆಯುವುದಿಲ್ಲ. ಬಿಸಿ ಅಳೆಯುವ ಒಂದು ಥರ್ಮೋಕಪಲ್ ತೆಗೆದುಕೊಳ್ಳಿ. ಈ ಕೆಲಸದಲ್ಲಿ ಫಿಲ್ಟರಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಅದಕ್ಕೇ ಅನ್ನುವುದು ನನ್ನ ಅಭಿಪ್ರಾಯ.

ಆಲೆಮನೆಯಲ್ಲಿ ಬೆಲ್ಲ ಕಾಯಿಸುವಾಗ ಬೆಂಡೆಯ ಲೋಳೆ ಹಾಕಿ ಕೊಳೆಯನ್ನೆಲ್ಲ ನೊರೆಯ ಜೊತೆ ಮೇಲೆ ಬರಿಸಿ ತೆಗೆಯುತ್ತಾರಲ್ಲ, ಇಲ್ಲಿ ಫ್ಲಕ್ಸ್ ಮಾಡುವ ಕೆಲಸವೂ ಅದೇ ಬಗೆಯದ್ದು. ಒಣ ಫ್ಲಕ್ಸನ್ನು ಮೇಲೆ ಉದುರಿಸಿ ಮೆಲ್ಲಗೆ ಬೆರೆಸಿದರೆ ಆಕ್ಸೈಡ್ ಲೋಹದಿಂದ ಬಿಡಿಸಿಕೊಂಡು ಮೇಲೆ ಒಣ ಪುಡಿಯ ಹಾಗೆ ನಿಲ್ಲುತ್ತದೆ. ಬಿಸಿ ಮಾಡಿದ ಸೌಟಿನಲ್ಲಿ ಅದನ್ನು ಬಳಿದು ತೆಗೆಯಿರಿ. ಪ್ಯಾಕೆಟ್ಟಿನ ಮೇಲೆ ಹೇಳಿದಷ್ಟೇ ಫ್ಲಕ್ಸ್ ಹಾಕಿ. ಜಾಸ್ತಿ ಹಾಕಿದರೆ ಉಪ್ಪು ದ್ರವವಾಗಿ ಲೋಹದಲ್ಲೇ ಉಳಿಯುತ್ತದೆ. ಆ ಉಪ್ಪು ಫಿಲ್ಟರಿಗೆ ಬಂದರೆ, ಅಲ್ಲಿ ಹಿಡಿದಿದ್ದ ಕಸವನ್ನೂ ಜಾರಿಸಿ ಮುಂದೆ ಕಳಿಸುತ್ತದೆ.

ಆಮೇಲೆ ಡೀಗ್ಯಾಸಿಂಗ್. ಒಣ ನೈಟ್ರೋಜನ್ ಅಥವಾ ಆರ್ಗಾನನ್ನು ಗ್ರಾಫೈಟ್ ಕೊಳವೆಯಲ್ಲಿ ಕ್ರೂಸಿಬಲ್ಲಿನ ತಳದ ತನಕ ಬಿಟ್ಟು ಸಣ್ಣ ಗುಳ್ಳೆಗಳಾಗಿ ಮೇಲೆ ಬರಿಸಬೇಕು. ಹೈಡ್ರೋಜನ್ ಆ ಗುಳ್ಳೆಗೆ ಸೇರಿ ಹೊರಗೆ ಹೋಗುತ್ತದೆ. ಎಷ್ಟೋ ಕಸವೂ ಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ, ಅದು ಉಚಿತ ಲಾಭ. ಗುಳ್ಳೆ ಸಣ್ಣದಾಗಿರಬೇಕು, ಮೇಲ್ಭಾಗ ಕೊತಕೊತ ಕುದಿಯುವ ಹಾಗೆ ಅನಿಲ ಬಿಟ್ಟರೆ ಹೊಸ ಪೊರೆ ಒಳಗೆ ಹೋಗುತ್ತದೆ. ಹೆಕ್ಸಾಕ್ಲೋರೋಈಥೇನ್ ಮಾತ್ರೆ ಮುಳುಗಿಸುವ ಹಳೆ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದರ ಹೊಗೆಯಲ್ಲಿ ಕ್ಲೋರಿನ್ ಇರುತ್ತದೆ, ಮಳೆಗೆ ಬಾಗಿಲು ಹಾಕಿಕೊಂಡ ಶೆಡ್ಡಿನಲ್ಲಿ ಅದು ಶ್ವಾಸಕೋಶಕ್ಕೆ ವಿಷ. ನೈಟ್ರೋಜನ್ ಸಿಲಿಂಡರ್ ಇಟ್ಟುಕೊಳ್ಳಿ. ಮುಗಿದ ಮೇಲೆ ಐದ್ಹತ್ತು ನಿಮಿಷ ಲೋಹವನ್ನು ಅಲುಗಾಡಿಸದೆ ಬಿಡಿ, ಮತ್ತೊಮ್ಮೆ ಮೇಲಿನದ್ದು ತೆಗೆಯಿರಿ.

ಫಿಲ್ಟರ್ ಆರಿಸುವುದು

ಸೆರಾಮಿಕ್ ಫೋಮ್ ಫಿಲ್ಟರ್ ಮಾಡುವ ರೀತಿ ಸೊಗಸಾಗಿದೆ. ಸ್ಪಂಜನ್ನು ಸೆರಾಮಿಕ್ ಗಂಜಿಯಲ್ಲಿ ಅದ್ದಿ, ಹಿಂಡಿ, ಒಣಗಿಸಿ ಸುಡುತ್ತಾರೆ. ಸ್ಪಂಜು ಸುಟ್ಟುಹೋಗಿ ಅದರ ರೂಪದ ಸೆರಾಮಿಕ್ ಉಳಿಯುತ್ತದೆ. ಒಳಗೆ ನೇರ ತೂತುಗಳಿಲ್ಲ, ಸುತ್ತಿ ಬಳಸಿ ಹೋಗುವ ದಾರಿಗಳು. ಹಾಗಾಗಿ ದೊಡ್ಡ ಕಸ ಮುಖದ ಮೇಲೇ ನಿಂತರೆ, ತೂತಿಗಿಂತ ಎಷ್ಟೋ ಸಣ್ಣದಾದದ್ದೂ ಒಳಗಿನ ತಿರುವುಗಳಲ್ಲಿ ಗೋಡೆಗೆ ಅಂಟಿ ನಿಲ್ಲುತ್ತದೆ. ಆದರೆ ಲೋಹ ನಿಧಾನವಾಗಿ ಹೋದರೆ ಮಾತ್ರ ಅದು ಅಂಟುತ್ತದೆ.

ಒಂದು ಇಂಚಿನ ಉದ್ದದಲ್ಲಿ ಎಷ್ಟು ತೂತು ಅನ್ನುವುದನ್ನು ಪಿಪಿಐ ಅಂತ ಬರೆದಿರುತ್ತಾರೆ. ಸಂಖ್ಯೆ ಜಾಸ್ತಿ ಆದಷ್ಟೂ ತೂತು ಸಣ್ಣ. ಗುಜರಿ ಬೆರೆಸಿದ ಅಲ್ಯೂಮಿನಿಯಂಗೆ 20 ಪಿಪಿಐ ಸಾಕು. 30 ಹಾಕಬೇಕೆಂದರೆ ಕುಲುಮೆಯ ಕೆಲಸ ಚೊಕ್ಕವಾಗಿರಬೇಕು, ಇಲ್ಲದಿದ್ದರೆ ಅಚ್ಚು ತುಂಬುವ ಮೊದಲೇ ಕಟ್ಟಿಕೊಳ್ಳುತ್ತದೆ. ಬಣ್ಣವನ್ನೂ ನೋಡಿ. ಅಲ್ಯೂಮಿನಿಯಂಗೆ ಮಾಡಿದ್ದು ಸಾಮಾನ್ಯವಾಗಿ ಬಿಳಿ, ಅದು ಅಲ್ಯುಮಿನಾ. ಕಬ್ಬಿಣಕ್ಕೆ ಬಳಸುವುದು ಬೂದುಗಪ್ಪು ಸಿಲಿಕಾನ್ ಕಾರ್ಬೈಡ್, ಉಕ್ಕಿಗೆ ಹಳದಿ ಜಿರ್ಕೋನಿಯಾ. ಮಾಚೇನಹಳ್ಳಿ ಕಡೆ ಕಬ್ಬಿಣದ ಫೌಂಡ್ರಿಯಲ್ಲಿರುವ ಗೆಳೆಯರು ಒಂದೆರಡು ಕಪ್ಪು ಫಿಲ್ಟರ್ ಕೊಟ್ಟರೆ ಅಲ್ಯೂಮಿನಿಯಂಗೆ ಹಾಕಬಹುದು, ಬಿಸಿಗೆ ಏನೂ ಆಗುವುದಿಲ್ಲ, ತೂತು ದೊಡ್ಡದಿರುತ್ತದೆ ಅಷ್ಟೇ. ನಿಮ್ಮ ಬಿಳಿ ಫಿಲ್ಟರನ್ನು ಮಾತ್ರ ಅವರಿಗೆ ಕೊಡಬೇಡಿ. 1350 ಡಿಗ್ರಿ ದಾಟಿದ ಕಬ್ಬಿಣಕ್ಕೆ ಅದು ತಡೆಯುವುದಿಲ್ಲ.

ಫೈಬರ್‌ಗ್ಲಾಸ್ ಬಲೆಯೂ ಸಿಗುತ್ತದೆ, ಅಗ್ಗ, ಕತ್ತರಿಯಲ್ಲಿ ಬೇಕಾದ ಅಳತೆಗೆ ಕತ್ತರಿಸಬಹುದು. ದೊಡ್ಡ ಕಸ ತಡೆಯುತ್ತದೆ, ಪೊರೆಯ ಸಣ್ಣ ತುಂಡುಗಳನ್ನು ತಡೆಯುವುದಿಲ್ಲ. ಪುಲ್ಲಿಗೆ ಸಾಕು, ಒತ್ತಡ ತಡೆಯಬೇಕಾದ ಪಂಪಿನ ಬಾಡಿಗೆ ಸಾಲದು.

ಅಚ್ಚಿನಲ್ಲಿ ಕೂರಿಸುವುದು

ಈ ಭಾಗವನ್ನು ದಯವಿಟ್ಟು ಅವಸರದಲ್ಲಿ ಓದಬೇಡಿ.

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಎರಕದ ಪ್ರೊಫೆಸರ್ ಆಗಿದ್ದ ಜಾನ್ ಕ್ಯಾಂಪ್‌ಬೆಲ್ ಒತ್ತಿ ಹೇಳಿದ ಒಂದು ಅಂಕಿ ಇದೆ: ಅಚ್ಚಿನೊಳಗೆ ಹೋಗುವಾಗ ಲೋಹದ ವೇಗ ಸೆಕೆಂಡಿಗೆ ಅರ್ಧ ಮೀಟರ್ ದಾಟಬಾರದು. ದಾಟಿದರೆ ಮೇಲ್ಮೈ ಒಡೆದು ಚಿಮ್ಮುತ್ತದೆ, ಪೊರೆ ಮಡಚಿಕೊಂಡು ಒಳಗೆ ಹೋಗುತ್ತದೆ. ಎಷ್ಟು ಎತ್ತರದಿಂದ ಬಿದ್ದರೆ ಆ ವೇಗ ಬರುತ್ತದೆ ಗೊತ್ತಾ? ಬರೀ 13 ಮಿ.ಮೀ. ಅರ್ಧ ಇಂಚು! ಅಂದರೆ ನಾವು ಹೊಯ್ಯುವ ಪ್ರತಿಯೊಂದು ಎರಕದಲ್ಲೂ ಸ್ಪ್ರೂ (ಲೋಹ ಅಚ್ಚಿನೊಳಗೆ ನೇರ ಕೆಳಗೆ ಇಳಿಯುವ ದಾರಿ) ಬುಡದಲ್ಲಿ ಈ ಮಿತಿ ದಾಟಿಯೇ ಇರುತ್ತದೆ. ಆ ವೇಗವನ್ನು ಮುರಿಯುವುದು ಫಿಲ್ಟರಿನ ದೊಡ್ಡ ಕೆಲಸ. ಕಸ ಹಿಡಿಯುವುದಕ್ಕಿಂತ ಇದೇ ದೊಡ್ಡದು ಅಂತ ನಾನು ನಂಬುತ್ತೇನೆ.

ಲೆಕ್ಕ ಹಾಕಿ ನೋಡೋಣ. ಸ್ಪ್ರೂ ಎತ್ತರ 150 ಮಿ.ಮೀ., ಬುಡದ ವ್ಯಾಸ 20 ಮಿ.ಮೀ. ಬುಡದಲ್ಲಿ ವೇಗ ಸೆಕೆಂಡಿಗೆ ಸುಮಾರು 1.7 ಮೀಟರ್. ಬುಡದ ವಿಸ್ತೀರ್ಣ 3.1 ಚದರ ಸೆಂ.ಮೀ., ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 1.3 ಕೆ.ಜಿ. ಲೋಹ ಇಳಿಯುತ್ತದೆ. ಫಿಲ್ಟರ್ 50 ಮಿ.ಮೀ. ಚೌಕದ್ದು, ದಪ್ಪ 22 ಮಿ.ಮೀ. ನಾಲ್ಕೂ ಅಂಚು ಐದೈದು ಮಿ.ಮೀ. ಮರಳಿನ ಮೇಲೆ ಕೂತರೆ ಲೋಹಕ್ಕೆ ಉಳಿಯುವ ಕಿಟಕಿ 40 ಮಿ.ಮೀ. ಚೌಕ, 16 ಚದರ ಸೆಂ.ಮೀ. ಅಂದರೆ ಸ್ಪ್ರೂ ಬುಡದ ಐದು ಪಟ್ಟು, ವೇಗ ಸೆಕೆಂಡಿಗೆ 0.34 ಮೀಟರಿಗೆ ಇಳಿಯಿತು. ಒಳ್ಳೆಯದು. ಆದರೆ ಇಲ್ಲಿಗೆ ನಿಲ್ಲಿಸಬೇಡಿ. ಫಿಲ್ಟರ್ ಆದ ಮೇಲೆ ಗೇಟ್, ಅಂದರೆ ಲೋಹ ಎರಕದ ಜಾಗಕ್ಕೆ ಹೋಗುವ ಬಾಯಿ, ಸಣ್ಣದಿದ್ದರೆ ಅದೇ ಲೋಹ ಮತ್ತೆ ರಭಸವಾಗಿ ನುಗ್ಗುತ್ತದೆ, ಸೋಸಿದ್ದು ವ್ಯರ್ಥ. 3.1 ಅನ್ನು 1.7ರಿಂದ ಗುಣಿಸಿ 0.5ರಿಂದ ಭಾಗಿಸಿ. ಹತ್ತಿರ ಹತ್ತಿರ 11 ಬರುತ್ತದೆ. ಎಲ್ಲ ಗೇಟ್‌ಗಳ ಒಟ್ಟು ವಿಸ್ತೀರ್ಣ 11 ಚದರ ಸೆಂ.ಮೀ.ಗಿಂತ ಕಡಿಮೆ ಇರಬಾರದು. ಎರಡು ಕೆ.ಜಿ. ಪುಲ್ಲಿಗೆ ಇಷ್ಟು ದೊಡ್ಡ ಸ್ಪ್ರೂ ಬೇಕಿಲ್ಲ. ಬುಡ 12 ಮಿ.ಮೀ. ಇಟ್ಟರೆ ಗೇಟ್‌ಗೆ 4 ಚದರ ಸೆಂ.ಮೀ. ಸಾಕಾಗುತ್ತದೆ.

ಕೂರಿಸುವ ರೀತಿಗಳು ಹಲವು ಇವೆ. ಮರಳಿನ ಅಚ್ಚಿನಲ್ಲಿ ನನಗೆ ಹಿಡಿಸಿದ್ದು ಫಿಲ್ಟರನ್ನು ಮಲಗಿಸಿ, ಲೋಹವನ್ನು ಕೆಳಗಿನಿಂದ ಮೇಲಕ್ಕೆ ಹರಿಸುವುದು. ಸ್ಪ್ರೂ ಬುಡದಿಂದ ಎರಡು ಮೂರು ಇಂಚು ಆಚೆ, ಅಚ್ಚಿನ ಕೆಳ ಪೆಟ್ಟಿಗೆಯಲ್ಲಿ 22 ಮಿ.ಮೀ. ಆಳದ ಚೌಕ ಕುಳಿ, ಸುತ್ತ ಐದು ಮಿ.ಮೀ. ಮೆಟ್ಟಿಲು, ಅದರ ಕೆಳಗೆ ರನ್ನರ್ (ಲೋಹ ಅಡ್ಡಕ್ಕೆ ಹರಿಯುವ ಕಾಲುವೆ) ಬಂದು ಸೇರುವ ಗುಂಡಿ. ಫಿಲ್ಟರಿನ ಮೇಲ್ಮುಖ ಪೆಟ್ಟಿಗೆ ಸೇರುವ ಗೆರೆಗೆ ಸಮ ಇರಬೇಕು. ಮುಂದಿನ ರನ್ನರ್ ಮತ್ತು ಗೇಟ್ ಮೇಲಿನ ಪೆಟ್ಟಿಗೆಯಲ್ಲಿ. ಹೀಗೆ ಮಾಡಿದರೆ ಫಿಲ್ಟರ್ ದಾಟಿದ ಲೋಹ ಎಲ್ಲೂ ಬೀಳುವುದಿಲ್ಲ, ಉಕ್ಕಿ ಹರಡುತ್ತದೆ. ನೆನಪಿಡಿ, ಫೋಮ್ ಫಿಲ್ಟರ್ ಲೋಹಕ್ಕಿಂತ ಬಹಳ ಹಗುರ. ಮೇಲಿನ ಪೆಟ್ಟಿಗೆಯ ಮರಳು ಅದರ ಅಂಚನ್ನು ಸುತ್ತಲೂ ಒತ್ತಿ ಹಿಡಿಯದಿದ್ದರೆ ಅದು ಎದ್ದು ತೇಲುತ್ತದೆ, ಲೋಹ ಪಕ್ಕದಿಂದ ಹೋಗಿಬಿಡುತ್ತದೆ. ತೀರಾ ಬಿಗಿಯಾದರೂ ಕಷ್ಟ, ಅಂಚು ಪುಡಿಯಾಗಿ ಆ ಪುಡಿಯೇ ಎರಕಕ್ಕೆ ಹೋಗುತ್ತದೆ. ಈ ಕುಳಿಯನ್ನು ಕೈಯಲ್ಲಿ ಕೊರೆಯಬೇಡಿ, ಅಚ್ಚು ಮೂಡಿಸುವ ಪ್ಯಾಟರ್ನಿಗೇ ಮರದ ತುಂಡು ಸೇರಿಸಿ ಮಾಡಿಸಿಕೊಳ್ಳಿ, ಪ್ರತಿ ಸಲ ಒಂದೇ ಅಳತೆ ಬರುತ್ತದೆ. ಸ್ಪ್ರೂ ನೇರ ಕೆಳಗೆ ಫಿಲ್ಟರ್ ಇಡುವುದು ಬೇಡವೇ ಬೇಡ. ಬೀಳುವ ಲೋಹದ ಹೊಡೆತಕ್ಕೆ ಒಡೆಯಬಹುದು.

ಇಡುವ ಮುಂಚೆ ಫಿಲ್ಟರನ್ನು ಅಚ್ಚಿನಿಂದ ದೂರ ಹಿಡಿದು ಮೆಲ್ಲಗೆ ತಟ್ಟಿ, ಸಡಿಲ ಪುಡಿ ಉದುರಲಿ. ಮಳೆಗಾಲದಲ್ಲಿ ಕುಲುಮೆಯ ಪಕ್ಕ ಇಟ್ಟು ಒಣಗಿಸಿ. ಪೆಟ್ಟಿಗೆ ಮುಚ್ಚಿದ ಮೇಲೆ ತುಂಬಾ ಹೊತ್ತು ಬಿಡಬೇಡಿ, ಹಸಿ ಮರಳಿನ ತೇವ ಫಿಲ್ಟರಿಗೆ ಏರುತ್ತದೆ.

ಹೊಯ್ಯುವಾಗ

ಲೋಹ 720ರಿಂದ 740 ಡಿಗ್ರಿ ಇರಲಿ. ತಣ್ಣನೆಯ ಫಿಲ್ಟರಿಗೆ ಮೊದಲು ತಾಗುವ ಲೋಹ ಬಿಸಿ ಕಳೆದುಕೊಳ್ಳುತ್ತದೆ, ಅಳುಕುತ್ತಾ ಸಣ್ಣ ಧಾರೆಯಲ್ಲಿ ಹೊಯ್ದರೆ ಅಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಲ್ಯಾಡಲ್ ಮೂತಿಯನ್ನು ಸ್ಪ್ರೂ ಬಾಯಿಯ ಬಟ್ಟಲಿನ ಹತ್ತಿರಕ್ಕೆ ತಂದು, ಧೈರ್ಯವಾಗಿ ಸುರಿದು ಸ್ಪ್ರೂವನ್ನು ಒಂದೇ ಸಲಕ್ಕೆ ತುಂಬಿ, ಅಚ್ಚು ತುಂಬುವ ತನಕ ಅದು ತುಂಬಿಯೇ ಇರುವಂತೆ ನೋಡಿಕೊಳ್ಳಿ. ನಡುವೆ ಧಾರೆ ಕಡಿದರೆ ಗಾಳಿ ಒಳಗೆ ಹೋಗುತ್ತದೆ. ಅಚ್ಚು ಅರ್ಧ ತುಂಬುವಷ್ಟರಲ್ಲಿ ಲೋಹ ಇಳಿಯುವುದು ನಿಂತರೆ ಫಿಲ್ಟರನ್ನು ಬೈದು ಇನ್ನೂ ದೊಡ್ಡ ತೂತಿನದ್ದು ತರಲು ಹೋಗಬೇಡಿ. ಮೊದಲು ಥರ್ಮೋಕಪಲ್ ನೋಡಿ. ಬಿಸಿ ಸರಿ ಇದ್ದರೆ ನಿಮ್ಮ ಲೋಹದಲ್ಲೇ ಅಷ್ಟು ಕಸ ಇದೆ ಅಂತ ಅರ್ಥ, ಮದ್ದು ಕುಲುಮೆಯಲ್ಲಿ.

ಫಲ ಸಿಕ್ಕಿತಾ ಅಂತ ನೋಡುವುದು

ಲ್ಯಾಬ್ ಬೇಕಿಲ್ಲ. ಹೊಯ್ಯುವ ಮುಂಚೆ ಕುಲುಮೆಯ ಲೋಹದಿಂದ ಬಿಸಿ ಅಚ್ಚಿನಲ್ಲಿ ಒಂದು ತೆಳು ಪಟ್ಟಿ ಹೊಯ್ದು, ತಣ್ಣಗಾದ ಮೇಲೆ ವೈಸ್‌ಗೆ ಕಚ್ಚಿಸಿ ಸುತ್ತಿಗೆಯಿಂದ ಮುರಿಯಿರಿ. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ: ಕಪ್ಪು ಚುಕ್ಕಿ, ಬೂದು ಪೊರೆ, ಮಡಿಕೆ ಎಷ್ಟಿವೆ ಎಣಿಸಿ. ಫಿಲ್ಟರ್ ದಾಟಿದ ರನ್ನರಿನ ತುಂಡನ್ನೂ ಹೀಗೇ ಮುರಿದು ಪಕ್ಕದಲ್ಲಿಡಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಾಣದಿದ್ದರೆ ಫಿಲ್ಟರಿನ ಅಂಚಿನಿಂದ ಲೋಹ ತಪ್ಪಿಸಿಕೊಂಡಿದೆಯಾ ನೋಡಿ. ಬಳಸಿದ ಫಿಲ್ಟರನ್ನು ಆಂಗಲ್ ಗ್ರೈಂಡರಿನಲ್ಲಿ ಅಡ್ಡ ಕತ್ತರಿಸಿದರೆ ಇದೂ ಗೊತ್ತಾಗುತ್ತದೆ. ಕನ್ನಡಕ, ಮಾಸ್ಕ್ ಹಾಕಿಕೊಂಡು ಕತ್ತರಿಸಿ, ಸೆರಾಮಿಕ್ ಧೂಳು ಒಳ್ಳೆಯದಲ್ಲ. ಲೋಹ ಬಂದ ಕಡೆ ಕಪ್ಪು ಪದರ ಕೂತಿದ್ದು, ಆಚೆ ಕಡೆ ಬೆಳ್ಳಗೆ ಇದ್ದರೆ ಸರಿಯಾಗಿ ಕೆಲಸ ಮಾಡಿದೆ. ಎರಡೂ ಕಡೆ ಒಂದೇ ತರ ಇದ್ದರೆ ಲೋಹ ತುಂಬಾ ರಭಸವಾಗಿ ಹೋಗಿರಬೇಕು, ಮೇಲಿನ ಲೆಕ್ಕವನ್ನು ಮತ್ತೆ ಹಾಕಿ.

ಒಂದು ಫಿಲ್ಟರ್ ಒಂದೇ ಎರಕಕ್ಕೆ. ರನ್ನರ್, ಗೇಟ್ ಎಲ್ಲ ಮರುಕರಗಿಸಲು ವಾಪಸ್ ಹೋಗುತ್ತದಲ್ಲ, ಆಗ ಫಿಲ್ಟರ್ ಇರುವ ಭಾಗವನ್ನು ಕತ್ತರಿಸಿ ಬೇರೆ ಡಬ್ಬಿಗೆ ಹಾಕಿ. ಒಳ್ಳೆ ಇಂಗಟ್ ಜೊತೆ ಕ್ರೂಸಿಬಲ್ಲಿಗೆ ಹಾಕಿದರೆ ಹಿಡಿದ ಕಸವನ್ನೆಲ್ಲ ವಾಪಸ್ ಕರಗಿಸಿ ಬೆರೆಸಿದ ಹಾಗೆ. ಡಬ್ಬಿ ತುಂಬಿದ ಮೇಲೆ ಅದನ್ನೆಲ್ಲ ಬೇರೆಯಾಗಿ ಕರಗಿಸಿ, ಫ್ಲಕ್ಸ್ ಹಾಕಿ ಸೆರಾಮಿಕ್ ಚೂರು ತೆಗೆದು, ತೂಕದ ಕಲ್ಲು, ಗೇಟಿನ ಹಿಡಿ ಇಂಥ ಮಷಿನಿಂಗ್ ಬೇಡದ ಕೆಲಸಕ್ಕೆ ಬಳಸಬಹುದು.